ಮೂರು ಹೊಡೆದು ಒಂದು ಬಿಡುವ ಕಾರು

ಬನಶಂಕರಿ ಎರಡನೇ ಹಂತದ ಆ ಮನೆಯಲ್ಲಿ ಕೆಳಗೆ ಅಕ್ಕ ಕಾತ್ಯಾಯಿನಿಯ ಸಂಸಾರ, ಮೇಲೆ ತಂಗಿ ಮೈಥಿಲಿಯ ಸಂಸಾರ. ಮನೆ ಕಟ್ಟಿಸಿದ ಅಪ್ಪ ಕಣ್ಣು ಮುಚ್ಚುವ ಮೊದಲೇ ಹೆಣ್ಣುಮಕ್ಕಳಿಬ್ಬರಿಗೂ ಒಂದೊಂದು ಅಂತಸ್ತು ಹಂಚಿಕೊಟ್ಟಿದ್ದರು. ಹಿತ್ತಾಳೆ ಪಾತ್ರೆ, ದೀಪದ ಕಂಬ, ತೇಗದ ಬೀರು ಎಲ್ಲವೂ ತಕರಾರಿಲ್ಲದೆ ಪಾಲಾಗಿದ್ದವು. ಪಾಲು ಮಾಡಲು ಬಾರದೆ ಉಳಿದದ್ದು ಕಾರು ಒಂದೇ. ತೊಂಬತ್ತರ ದಶಕದ ಕೊನೆಯಲ್ಲಿ ಕೊಂಡಿದ್ದ ಚಿಕ್ಕ ಬಿಳಿ ಕಾರು ಅದು. ಈಗ ಬಿಳಿ ಎನ್ನುವುದು ದಾಖಲೆಯ ಮಾತು. ನೋಡುವವರಿಗೆ ಅದು ಹಾಲು ಹಾಕಿದ ಚಹಾದ ಬಣ್ಣ.

ಅಕ್ಕತಂಗಿಯರೇ ಕೂತು ಒಂದು ಒಪ್ಪಂದಕ್ಕೆ ಬಂದರು. ಬೆಳಗ್ಗೆ ಕಾರು ಕೆಳಗಿನವರಿಗೆ, ಸಂಜೆ ಮೇಲಿನವರಿಗೆ. ಗಂಡಂದಿರ ಸ್ವಭಾವಕ್ಕೂ ಇದು ಹೇಳಿ ಮಾಡಿಸಿದ ಹಾಗಿತ್ತು. ಕಾತ್ಯಾಯಿನಿಯ ಗಂಡ ಭಾರ್ಗವ ಕೋಳಿ ಕೂಗುವ ಮೊದಲೇ ಏಳುವವರು. ಮೈಥಿಲಿಯ ಗಂಡ ಚಕ್ರಪಾಣಿಗೆ ಒಂಬತ್ತು ಗಂಟೆ ಎಂದರೆ ಇನ್ನೂ ಬೆಳಗಿನ ಜಾವ.

ಭಾರ್ಗವ ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗ ಅವರನ್ನು ಬಿಟ್ಟಿರಲಿಲ್ಲ. ಅಲ್ಲಿ ಅವರ ಕೆಲಸ ಯಾವ ಯಂತ್ರಕ್ಕೆ ಯಾವಾಗ ಎಣ್ಣೆ, ಯಾವಾಗ ಹೊಸ ಬೆಲ್ಟ್ ಎಂದು ವೇಳಾಪಟ್ಟಿ ಹಾಕುವುದು. ಕೈಯಲ್ಲಿ ಸ್ಪ್ಯಾನರ್ ಹಿಡಿದವರಲ್ಲ; ಹಿಡಿದವರಿಗೆ ಬೈದವರು. ಕೆಡುವ ಮೊದಲೇ ಬದಲಾಯಿಸಬೇಕು ಎನ್ನುವುದು ಅವರ ಧರ್ಮ. ಹಲ್ಲುಜ್ಜುವ ಬ್ರಷ್ಷಿನಿಂದ ಹಿಡಿದು ಗ್ಯಾಸಿನ ಟ್ಯೂಬಿನವರೆಗೆ ಆ ಮನೆಯಲ್ಲಿ ಯಾವ ವಸ್ತುವೂ ತನ್ನ ಪೂರ್ಣಾಯುಸ್ಸು ಬಾಳಿದ್ದಿಲ್ಲ. ಷಡ್ಡಕ ಚಕ್ರಪಾಣಿಯದು ಇದಕ್ಕೆ ತದ್ವಿರುದ್ಧ. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವರು. "ಸುಮ್ನೆ ನಡ್ಕೊಂಡು ಹೋಗ್ತಿರೋ ಅಕೌಂಟನ್ನ ಕೆಣಕಬಾರದು ಭಾವ," ಎಂದು ಹೇಳಿ ಹರಿದ ಚಪ್ಪಲಿಗೆ ಇನ್ನೊಂದು ಹೊಲಿಗೆ ಹಾಕಿಸುವವರು.

ಧನುರ್ಮಾಸ ಹುಟ್ಟಿದ ವಾರದಲ್ಲಿ ಕಾರಿಗೆ ಕೆಮ್ಮು ಶುರುವಾಯಿತು.

ಭಾರ್ಗವ ಎಂದಿನಂತೆ ಮಂಜಿನಲ್ಲೇ ಎದ್ದು, ತಲೆಗೆ ಮಫ್ಲರ್ ಸುತ್ತಿ, ರಾಗಿಗುಡ್ಡದ ಪೂಜೆಗೆಂದು ಹೊರಟಿದ್ದರು. ಗೇಟು ದಾಟಿ ರಸ್ತೆಗೆ ಬರುತ್ತಿದ್ದ ಹಾಗೇ ಕಾರು ಒಮ್ಮೆ ಮುಗ್ಗರಿಸಿತು. ಮತ್ತೆ ಓಡಿತು. ಮತ್ತೆ ಮುಗ್ಗರಿಸಿತು. ಗುಡ್ಡದ ಹತ್ತಿರದ ಏರಿನಲ್ಲಂತೂ ಹಿಂದಿನಿಂದ ಯಾರೋ ಅಂಗಿ ಹಿಡಿದು ಜಗ್ಗಿದಂತೆ ಜಗ್ಗಿ ಜಗ್ಗಿ ಹತ್ತಿತು. ಮಾರನೆಯ ದಿನವೂ ಅದೇ ಕತೆ. ಮೂರನೆಯ ದಿನ ಅವರು ದೇವಸ್ಥಾನದ ಬಿಸಿ ಹುಗ್ಗಿಯ ದೊನ್ನೆಯನ್ನು ಕೈಯಲ್ಲಿ ಹಿಡಿದೇ ಮೇಲಿನ ಮನೆಯ ಮೆಟ್ಟಿಲು ಹತ್ತಿದರು.

ಚಕ್ರಪಾಣಿ ಆಗಷ್ಟೇ ಎದ್ದು, ಕಣ್ಣಿನ ಪಿಸುರೂ ತೆಗೆಯದೆ, ಬೆತ್ತದ ಕುರ್ಚಿಯಲ್ಲಿ ಕೂತು ಮೋರ್ಸಿಂಗ್ ನುಡಿಸುತ್ತಿದ್ದರು. ಅಂಗೈಯಗಲದ ಆ ಕಬ್ಬಿಣದ ವಾದ್ಯವನ್ನು ಹಲ್ಲಿಗೆ ಒತ್ತಿ, ಬೆರಳಿನಿಂದ ಮೀಟುತ್ತ, ಬಾಯೊಳಗೇ ತಾಳ ಹುಟ್ಟಿಸುವುದು ಅವರಿಗೆ ನಿವೃತ್ತಿಯ ನಂತರ ಹತ್ತಿದ ಹುಚ್ಚು. ಭಾರ್ಗವ ಇದನ್ನು "ದುಂಬಿಗೆ ನೆಗಡಿಯಾದ ಶಬ್ದ" ಎಂದು ಹೆಂಡತಿಯ ಬಳಿ ಮಾತ್ರ ಹೇಳುತ್ತಿದ್ದರು.

"ಚಕ್ರಪಾಣಿ, ಗಾಡಿ ಮಿಸ್ಸಿಂಗ್ ಹೊಡೀತಾ ಇದೆ. ಪ್ಲಗ್ ವೈರ್ ಹೋಗಿರ್ಬೇಕು."

ಚಕ್ರಪಾಣಿ ವಾದ್ಯವನ್ನು ಬಾಯಿಂದ ತೆಗೆದರು. "ನಮ್ ಗಾಡೀನಾ? ನಿನ್ನೆ ಸಂಜೆ ಜಯನಗರಕ್ಕೆ ಹೋಗ್ಬಂದೆ ಭಾವ. ಹೂ ಎತ್ತಿದ ಹಾಗೆ ಬಂತು."

"ಬೆಳಗ್ಗೆ ನೋಡಿ ಒಂದ್ಸಲ. ಜಗ್ಗುತ್ತೆ."

"ನೀವು ಕ್ಲಚ್ ಬೇಗ ಬಿಡ್ತೀರೇನೋ."

ಮೂವತ್ತು ವರ್ಷ ಕಾರು ಓಡಿಸಿದವರಿಗೆ ಕ್ಲಚ್ಚಿನ ಪಾಠ! ಭಾರ್ಗವ ಹುಗ್ಗಿಯ ದೊನ್ನೆಯನ್ನು ಮೇಜಿನ ಮೇಲೆ ಇಟ್ಟು, "ಪ್ರಸಾದ," ಎಂದಷ್ಟೇ ಹೇಳಿ ಇಳಿದುಬಿಟ್ಟರು.

ಅದೇ ದಿನ ಹತ್ತು ಗಂಟೆಯ ಮೇಲೆ ಕಾರನ್ನು ಸಾರಕ್ಕಿಯ ನರೇಂದ್ರನ ಗ್ಯಾರೇಜಿಗೆ ಒಯ್ದರು. ನರೇಂದ್ರ ಅದೇ ಊರಿನ ಹಳೆಯ ಮನೆತನದವನು. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವನದೇ ಮೂರು ಬಾಡಿಗೆ ಕಟ್ಟಡಗಳಿವೆ. ಗ್ಯಾರೇಜು ಹೊಟ್ಟೆಪಾಡಿಗಲ್ಲ, ಹೊತ್ತು ಹೋಗುವುದಕ್ಕೆ. ಹಾಗಾಗಿ ಅವನಿಗೆ ಯಾವುದಕ್ಕೂ ಅವಸರವಿಲ್ಲ, ಯಾರ ಮರ್ಜಿಯೂ ಬೇಕಿಲ್ಲ.

ಅವನು ಬಾನೆಟ್ ಎತ್ತಿ, ಎಂಜಿನ್ ಚಾಲೂ ಮಾಡಿಸಿ, ಕಿವಿ ಕೊಟ್ಟು ಕೇಳಿದ. ಹಾಳು ಕಾರು ಬಿಸಿಲಿಗೆ ಬೆಚ್ಚಗಾಗಿ, ಒಂದು ಅಪಸ್ವರವಿಲ್ಲದೆ, ಸೊಗಸಾಗಿ ಗುನುಗುತ್ತಿತ್ತು.

"ಎಲ್ ಸಾರ್ ಮಿಸ್ಸಿಂಗು? ಚೆನ್ನಾಗೈತಲ್ಲ."

"ಬೆಳಗ್ಗೆ ಮಾಡುತ್ತಪ್ಪ. ಮಂಜಿನಲ್ಲಿ."

ನರೇಂದ್ರ ಪ್ಲಗ್ಗುಗಳಿಗೆ ಹೋಗುವ ನಾಲ್ಕು ಕರಿಯ ವೈರುಗಳನ್ನು ಬೆರಳಿನಿಂದ ಬಗ್ಗಿಸಿ ನೋಡಿದ. "ವೈರ್ ಮೇಲಿನ ರಬ್ಬರ್ ಹಳೇದಾಗಿ ಕೂದಲೆಳೆಯಷ್ಟು ಬಿರುಕು ಬಿಟ್ಟೈತೆ. ತೇವ ಕೂತಾಗ ಕರೆಂಟ್ ಪ್ಲಗ್ಗಿಗೆ ಹೋಗ್ದೆ ಹೊರಗಡೆ ಹಾರ್ತದೆ. ಒಣಗಿದ್ರೆ ಸರಿ ಹೋಯ್ತದೆ."

"ಹಾಗಾದ್ರೆ ಬದಲಾಯಿಸಿಬಿಡು."

"ಬದಲಾಯಿಸ್ಬೋದು."

"ಯಾವಾಗ ಬದಲಾಯಿಸ್ಬೇಕು ಅಂತೀಯ?"

"ಈಗ್ಲೂ ಬದಲಾಯಿಸ್ಬೋದು. ಬೇಸಿಗೆವರ್ಗೂ ಬಿಡಬೋದು. ಕೆಲವರು ನಡುರಸ್ತೇಲಿ ನಿಲ್ಲೋವರ್ಗೂ ಬಿಡ್ತಾರೆ. ಅವರವರ ಗುಂಡಿಗೆ ಸಾರ್ ಅದು." ಅವನು ಕೈ ಒರೆಸಿಕೊಂಡ. "ಆದ್ರೆ ನೀವೊಬ್ರೇ ಹೇಳಿದ್ರೆ ಮುಟ್ಟಲ್ಲ. ಹೋದ್ ಸಲ ನೀವು ಹೇಳಿದ್ರಿ ಅಂತ ಹಾರನ್ ಬದಲಾಯಿಸ್ದೆ. ಸಂಜೆ ಚಕ್ರಪಾಣಿ ಸಾರ್ ಬಂದು, ನಮ್ ಮಾವನೋರ ಹಾರನ್ ಎಲ್ಲಿ ಅಂತ ಒಂದ್ ಗಂಟೆ ಕೂತಿದ್ರು. ಇಬ್ರೂ ಒಟ್ಟಿಗೆ ಬನ್ನಿ. ಇಲ್ಲಾಂದ್ರೆ ಮನೇಲೇ ತೋರ್ಸಿ. ಬಾಟ್ಲೀಲಿ ನೀರ್ ತಗೊಂಡು ವೈರ್ ಮೇಲೆ ಚಿಮುಕ್ಸಿ. ಕೆಮ್ಮಿದ್ರೆ ವೈರ್ ಹೋಗೈತೆ, ಅಷ್ಟೇ."

ಷಡ್ಡಕನನ್ನು ಬೆಳಗ್ಗೆ ಕಾರಿನಲ್ಲಿ ಕೂರಿಸಿಕೊಂಡು ಹೋಗುವುದೇ ಸರಿಯಾದ ದಾರಿ ಎಂದುಕೊಂಡರು ಭಾರ್ಗವ. ಚಕ್ರಪಾಣಿಯೂ, "ಓಹೋ, ಬರ್ತೀನಿ. ಎಬ್ಬಿಸಿ," ಎಂದು ಉತ್ಸಾಹದಿಂದಲೇ ಒಪ್ಪಿದರು. ಮಾರನೆಯ ಬೆಳಗ್ಗೆ ಭಾರ್ಗವ ಬಾಗಿಲು ಬಡಿದದ್ದಕ್ಕೆ ಎದುರು ಮನೆಯವರು ಎದ್ದರು, ಪಕ್ಕದ ಮನೆಯ ನಾಯಿ ಎದ್ದಿತು, ಚಕ್ರಪಾಣಿ ಏಳಲಿಲ್ಲ. ಮೈಥಿಲಿ ಅರ್ಧ ಬಾಗಿಲು ತೆರೆದು, "ಭಾವ, ಅವರು ಏಳೋ ಹೊತ್ತಿಗೆ ಮಂಜೇನು, ನಿಮ್ಮ ಧನುರ್ಮಾಸವೇ ಮುಗಿದಿರುತ್ತೆ," ಎಂದು ನಕ್ಕಳು.

ಕೊನೆಗೆ ಭಾರ್ಗವರೇ ಒಂದು ಸಂಜೆ ಚಕ್ರಪಾಣಿಯ ಜೊತೆ ಹೋಗಿ ನೋಡಿದರು. ಚಕ್ರಪಾಣಿ ಕಾರು ಹತ್ತಿದ ಕೂಡಲೇ ಸಂಗೀತವನ್ನು ಗಟ್ಟಿಯಾಗಿ ಹಾಕಿದರು. ದಾರಿಯುದ್ದಕ್ಕೂ ನಾಗಸ್ವರ, ಡೋಲು. ಪಕ್ಕದಲ್ಲಿ ಬಸ್ಸು ಹಾರನ್ ಹೊಡೆದರೂ ಕೇಳಿಸುವಂತಿರಲಿಲ್ಲ. "ನೋಡಿದ್ರಾ ಭಾವ? ಎಲ್ಲಾದ್ರೂ ಜಗ್ತಾ?" ಎಂದು ಕೂಗಿ ಕೇಳಿದರು. ಮೆಟ್ರೋ ಕಂಬಗಳ ಬಳಿ ಒಮ್ಮೆ ಏನೋ ಅದುರಿದಂತೆ ಅನ್ನಿಸಿತು ಭಾರ್ಗವರಿಗೆ. ರಸ್ತೆಯ ಗುಂಡಿಯೋ, ಡೋಲಿನ ಪೆಟ್ಟೋ, ಖಚಿತವಾಗಿ ಹೇಳಲಾಗಲಿಲ್ಲ.

ಅಂದಿನಿಂದ ಮನೆಯಲ್ಲಿ ಅವರ ಮಾತಿಗೆ ಬೆಲೆ ಇಲ್ಲದಾಯಿತು. ಕಾತ್ಯಾಯಿನಿಯೇ, "ಬೆಳಗ್ಗೆ ಕಾಫಿ ಕುಡಿದು ಹೊರಡಿ. ಖಾಲಿ ಹೊಟ್ಟೇಲಿ ನಿಮಗೇ ತಲೆ ತಿರುಗ್ತಿರಬಹುದು, ಕಾರಿಗಲ್ಲ," ಎಂದಳು. ಭಾರ್ಗವರಿಗೆ ಅದು ನಾಟಿತು. ಮೂವತ್ತು ವರ್ಷ ಯಂತ್ರಗಳ ಭವಿಷ್ಯ ಹೇಳಿದ ಮನುಷ್ಯನನ್ನು ಯಃಕಶ್ಚಿತ್ ನಾಲ್ಕು ವೈರುಗಳು ಸುಳ್ಳುಗಾರನನ್ನಾಗಿ ಮಾಡಿದ್ದವು.

ನರೇಂದ್ರನ ಮಾತು ಅವರಿಗೆ ಮತ್ತೆ ಮತ್ತೆ ಜ್ಞಾಪಕಕ್ಕೆ ಬಂತು. ನೀರು ಚಿಮುಕಿಸುವುದು. ಅದು ಪರೀಕ್ಷೆ ತಾನೇ? ಪರೀಕ್ಷೆಯನ್ನು ಹೇಳಿಯೇ ಮಾಡಬೇಕೆಂದು ಎಲ್ಲಿದೆ? ಹೇಳಿದರೆ ಆ ಮಹಾನುಭಾವ ಮತ್ತೆ ನಾಗಸ್ವರ ಹಾಕುತ್ತಾನೆ. ಹೀಗೆಲ್ಲ ತಮ್ಮನ್ನು ತಾವೇ ಒಪ್ಪಿಸಿಕೊಂಡು, ಒಂದು ಶನಿವಾರ ಸಂಜೆ, ಕಾತ್ಯಾಯಿನಿ ಸ್ನಾನಕ್ಕೆ ಹೋದ ಹೊತ್ತು ನೋಡಿ, ಇಸ್ತ್ರಿ ಮೇಜಿನ ಮೇಲಿದ್ದ ಚಿಮುಕಿಸುವ ಬಾಟಲಿಯನ್ನು ಪಂಚೆಯ ಮಡಿಲಲ್ಲಿ ಬಚ್ಚಿಟ್ಟುಕೊಂಡು ಹೊರಗೆ ಬಂದರು. ಬಾನೆಟ್ಟನ್ನು ಸದ್ದಾಗದಂತೆ ಎತ್ತಿದರು. ಅತ್ತಿತ್ತ ನೋಡಿದರು. ಮೊದಲು ಒಂದೆರಡು ಸಲವಷ್ಟೇ ಒತ್ತಿದರು. ಸಾಲದೇನೋ ಅನ್ನಿಸಿ, ಗುಲಾಬಿ ಗಿಡಕ್ಕೆ ಔಷಧಿ ಹೊಡೆಯುವವರ ಹಾಗೆ ವೈರುಗಳ ಉದ್ದಕ್ಕೂ ಧಾರಾಳವಾಗಿ ಹೊಡೆದರು. ಬಾನೆಟ್ ಮುಚ್ಚಿ, ಬಾಟಲಿಯನ್ನು ಇದ್ದಲ್ಲೇ ಇಟ್ಟು, ಏನೂ ಅರಿಯದವರಂತೆ ಪೇಪರು ಹಿಡಿದು ಕೂತರು. ಇವತ್ತು ತರಕಾರಿಗೋ ಎಲ್ಲಿಗೋ ಹೊರಟ ಚಕ್ರಪಾಣಿ ಗೇಟಿನಲ್ಲೇ ಕೆಮ್ಮಿಸಿಕೊಂಡು ವಾಪಸು ಬರಬೇಕು, "ಭಾವ, ನೀವು ಹೇಳಿದ್ದು ಸರಿ," ಎನ್ನಬೇಕು. ಅಷ್ಟೇ ಅವರ ಆಸೆ.

ಬಚ್ಚಲಿನಿಂದ ಬಂದ ಕಾತ್ಯಾಯಿನಿ ರೇಷ್ಮೆ ಸೀರೆ ಉಟ್ಟು ಎದುರಿಗೆ ನಿಂತಳು. "ಇದೇನ್ರೀ, ಇನ್ನೂ ಹೀಗೇ ಕೂತಿದ್ದೀರಿ? ಏಳಿ, ಹೊಸ ಪಂಚೆ ತೆಗೆದಿಟ್ಟಿದ್ದೀನಿ."

"ಯಾಕೆ? ಎಲ್ಲಿಗೆ?"

"ಎಲ್ಲಿಗೆ ಅಂದ್ರೆ! ಇವತ್ತು ಜೆ.ಪಿ. ನಗರದಲ್ಲಿ ಚಕ್ರಪಾಣಿ ಕಛೇರಿ. ಮೊದಲನೇ ಸಲ ವೇದಿಕೆ ಹತ್ತುತಾ ಇದಾರೆ. ವಾರದಿಂದ ಹೇಳ್ತಾನೇ ಇದ್ದೀನಿ, ನೀವು ಪ್ಲಗ್ಗು ವೈರು ಅಂತ ಜಪ ಮಾಡ್ತಿದ್ರಿ."

ಭಾರ್ಗವ ಪೇಪರು ಬಿಸುಟು ಎದ್ದರು. "ಆಟೋದಲ್ಲಿ ಹೋಗೋಣ," ಎಂದರು ತಕ್ಷಣ.

"ಮನೇಲಿ ಕಾರ್ ಇಟ್ಕೊಂಡು ರೇಷ್ಮೆ ಸೀರೇಲಿ ಆಟೋನಾ?"

ಪಂಚೆಯುಟ್ಟು, ಹೆಗಲಿಗೆ ಜರಿಯಂಚಿನ ಶಲ್ಯ ಎಸೆದುಕೊಂಡು, ಹೇಗಾದರೂ ಮಾಡಿ ವೈರುಗಳನ್ನೊಮ್ಮೆ ಒರೆಸಿಬಿಡೋಣವೆಂದು ಅವರು ಓಡಿದರು. ಅಷ್ಟರಲ್ಲಿ ಚಕ್ರಪಾಣಿ ಡ್ರೈವರ್ ಸೀಟಿನಲ್ಲಿ ಕೂತಾಗಿತ್ತು. ಗರಿಗರಿ ಇಸ್ತ್ರಿಯ ಬಿಳಿ ಜುಬ್ಬಾ, ಹಣೆಗೆ ಅಕ್ಷತೆ, ಜೇಬಿನಲ್ಲಿ ಮೋರ್ಸಿಂಗ್. ಮುಖ ಮಾತ್ರ ಪರೀಕ್ಷೆಗೆ ಹೊರಟ ಹೈಸ್ಕೂಲ್ ಹುಡುಗನದು.

"ಹತ್ತಿ ಭಾವ. ನೀವು ಬರ್ತಿರೋದು ನಂಗೆ ಆನೆ ಬಲ," ಎಂದರು. ಭಾರ್ಗವ ಸೀಟಿನಲ್ಲಿ ಕುಸಿದು ಕೂತರು.

ಕಾರು ಗೇಟಿನಲ್ಲೇ ಮುಗ್ಗರಿಸಿತು. ಚಕ್ರಪಾಣಿ ಏನೂ ಆಗದವರಂತೆ ಸಂಗೀತ ಹಾಕಲು ಕೈ ಚಾಚಿದರು. ಹಿಂದಿನಿಂದ ಮೈಥಿಲಿ, "ಇವತ್ತು ಬೇಡ ಕಣ್ರೀ. ನಿಮ್ಮ ತಾಳ ನೀವು ಮನಸ್ಸಲ್ಲೇ ಹೇಳ್ಕೊಳ್ಳಿ," ಎಂದು ತಡೆದಳು. ಸಂಗೀತವಿಲ್ಲದೆ ಕಾರಿನ ಕೆಮ್ಮು ಕಾರಿನ ತುಂಬ ಕೇಳಿಸತೊಡಗಿತು. ಎಂಜಿನ್ ಬಿಸಿಯಾದ ಹಾಗೆ ಕೆಮ್ಮು ನಿಲ್ಲಬೇಕಿತ್ತು. ನಿಲ್ಲುವ ಬದಲು ಬಲಿಯುತ್ತ ಹೋಯಿತು. ನೀರಾಗಿದ್ದರೆ ಇಷ್ಟು ಹೊತ್ತಿಗೆ ಆರಿರುತ್ತಿತ್ತಲ್ಲ ಎಂದು ಭಾರ್ಗವ ಒಳಗೊಳಗೇ ಬೆವರಿದರು. ಕನಕಪುರ ರಸ್ತೆ ಸೇರಿ ಸಾರಕ್ಕಿ ಸಿಗ್ನಲ್ಲಿಗೆ ಬಂದಾಗ ಕೆಂಪು ದೀಪ ಬಿತ್ತು. ಕಾರು ನಿಂತಲ್ಲೇ ಗಡಗಡ ನಡುಗಿತು.

ಚಕ್ರಪಾಣಿ ಸ್ಟಿಯರಿಂಗ್ ಮೇಲೆ ಬೆರಳಾಡಿಸುತ್ತ, ತಮಗೇ ಅರಿವಿಲ್ಲದೆ, ಮೆಲ್ಲಗೆ ಹೇಳಿಕೊಂಡರು: "ತ ಕ ಧಿ... ತ ಕ ಧಿ... ಮೂರು ಹೊಡೆದು ಒಂದು ಬಿಡುತ್ತೆ. ಯಾವಾಗ್ಲೂ ಹೀಗೇ."

ಭಾರ್ಗವ ತಟ್ಟನೆ ತಿರುಗಿದರು. "ಯಾವಾಗ್ಲೂ?"

ಚಕ್ರಪಾಣಿಯ ಬೆರಳು ನಿಂತಿತು. ಅವರು ಬಾಯಿ ತೆರೆಯುವಷ್ಟರಲ್ಲಿ ಹಸಿರು ದೀಪ ಬಿತ್ತು, ಕಾರು ಕೊನೆಯ ಸಲ ಬಿಕ್ಕಳಿಸಿ ಆರಿಹೋಯಿತು.

ಹಿಂದಿದ್ದ ನೂರು ಗಾಡಿಗಳು ಒಟ್ಟಿಗೆ ಬಾಯಿ ಬಿಟ್ಟವು. "ಅಂಕಲ್, ಸೈಡಿಗೆ ಹಾಕಿ, ಸೈಡಿಗೆ!" ಎಂದು ಪೊಲೀಸಿನವನು ಸೀಟಿ ಊದುತ್ತ ಬಂದ. ಊಟ ತಲುಪಿಸಲು ಹೊರಟಿದ್ದ ಇಬ್ಬರು ಬೈಕು ನಿಲ್ಲಿಸಿ ಕೈ ಹಾಕಿದರು. ರೇಷ್ಮೆ ಸೀರೆಯ ಅಕ್ಕತಂಗಿಯರು ಒಳಗೇ ಕೂತು ಕಾಣದವರ ಹಾಗೆ ಇನ್ನೊಂದು ಕಡೆ ನೋಡಿದರು. ಜುಬ್ಬಾಕ್ಕೆ ಮಣ್ಣಾಗಬಾರದೆಂದು ಚಕ್ರಪಾಣಿ ಸ್ಟಿಯರಿಂಗ್ ಹಿಡಿದು ಕೂತರು. ಭಾರ್ಗವ ಪಂಚೆ ಎತ್ತಿ ಕಟ್ಟಿ ತಳ್ಳಿದರು. ಎಳನೀರು ಗಾಡಿಯ ಪಕ್ಕದಲ್ಲಿ ಕಾರು ನೆಲೆ ಕಂಡಿತು.

"ಏಳು ಗಂಟೆಗೆ ಕಛೇರಿ ಶುರು ಭಾವ," ಎಂದರು ಚಕ್ರಪಾಣಿ. ದನಿ ಅಳುವ ಅಂಚಿಗೆ ಬಂದಿತ್ತು.

ಭಾರ್ಗವ ಕಾರಿನ ಮುಂದಕ್ಕೆ ಬಂದರು. ಬಾನೆಟ್ ಎತ್ತಿದರು. ಹೆಗಲ ಮೇಲಿನ ಶಲ್ಯವನ್ನು ಎಳೆದು, ಬೆರಳು ಸುಟ್ಟರೂ ಲೆಕ್ಕಿಸದೆ, ಒಂದೊಂದೇ ವೈರನ್ನು ಬುಡದಿಂದ ತುದಿಯವರೆಗೆ ಒರೆಸಿದರು. ಕೈಗೆ ಏನೋ ಅಂಟಂಟಾಯಿತು. ಅದೇನೆಂದು ಯೋಚಿಸಲು ಪುರಸೊತ್ತಿರಲಿಲ್ಲ. ತಿರುಗಿಸಿ ತಿರುಗಿಸಿ ಒರೆಸಿ, "ಹೂಂ, ಹೊಡೀರಿ ಸ್ಟಾರ್ಟು," ಎಂದರು. ಕಾರು ಒಮ್ಮೆ ಗೊಣಗಿ ಎದ್ದಿತು.

ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. "ಸಖತ್ ಅಂಕಲ್! ಒಳ್ಳೇ ಮೆಕ್ಯಾನಿಕ್ ನೀವು," ಎಂದ ಬೈಕಿನ ಹುಡುಗರಲ್ಲೊಬ್ಬ. ಮೈಥಿಲಿ ಕಣ್ಣರಳಿಸಿದಳು. "ಭಾವನಿಗೆ ಇದೆಲ್ಲ ಬರುತ್ತೆ ಅಂತ ಗೊತ್ತೇ ಇರ್ಲಿಲ್ಲ ಅಕ್ಕ. ಎಲ್ಲಿ ಕೆಟ್ಟಿದೆ ಅಂತ ನೋಡ್ದೆನೇ ಹೇಗೆ ಗೊತ್ತಾಯ್ತು!" ಕಾತ್ಯಾಯಿನಿಯೂ ಗಂಡನ ಕಡೆ ಮೆಚ್ಚುಗೆಯಿಂದ ನೋಡಿದಳು. ಅವಳು ಹಾಗೆ ನೋಡಿ ಎಷ್ಟೋ ವರ್ಷವಾಗಿತ್ತು. ಇವತ್ತೇ ಯಾಕೆ ನೋಡಿದಳಪ್ಪ ಎಂದು ಭಾರ್ಗವ ಸೀಟಿನಲ್ಲಿ ಇನ್ನಷ್ಟು ಕುಗ್ಗಿದರು.

ಕಛೇರಿ ಹೊತ್ತಿಗೆ ಸರಿಯಾಗಿಯೇ ಶುರುವಾಯಿತು. ಅದು ದೊಡ್ಡ ಸಭೆಯೇನಲ್ಲ, ದೇವಸ್ಥಾನದ ಪಕ್ಕದ ಒಂದು ಹಾಲ್. ಹಾಡುಗಾರ್ತಿ, ಪಿಟೀಲು, ಮೃದಂಗ, ಅಂಚಿನಲ್ಲಿ ಚಕ್ರಪಾಣಿ. ಮೊದಲ ಅರ್ಧ ಗಂಟೆ ಅವರು ಬೆದರಿದ ಗುಬ್ಬಿಯಂತೆ ಅಲ್ಲೊಂದು ಇಲ್ಲೊಂದು ಮೀಟುತ್ತ ಕೂತಿದ್ದರು. ಭಾರ್ಗವರಿಗೆ ಸಂಗೀತ ಅಷ್ಟಕ್ಕಷ್ಟೇ. ಆದರೂ ಅವತ್ತು ಅವರಷ್ಟು ಕಳವಳದಿಂದ ಕಛೇರಿ ಕೇಳಿದವರು ಆ ಹಾಲಿನಲ್ಲಿ ಮತ್ತೊಬ್ಬರಿರಲಿಲ್ಲ. ಈ ಮನುಷ್ಯ ತಪ್ಪಿದರೆ ಪಾಪ ತನ್ನ ತಲೆಗೆ ಎಂದು ಅವರು ಮನಸ್ಸಿನಲ್ಲೇ ಆಂಜನೇಯನಿಗೆ ವಡೆ ಹಾರ ಹೇಳಿಕೊಂಡರು.

ತಾಳವಾದ್ಯಗಳದೇ ಸರದಿಯಾದ ತನಿ ಆವರ್ತನ ಬಂತು. ಮೃದಂಗದವರು ಒಂದು ಸುತ್ತು ನುಡಿಸಿ ಚಕ್ರಪಾಣಿಯ ಕಡೆ ತಲೆಯಾಡಿಸಿದರು. ಚಕ್ರಪಾಣಿ ವಾದ್ಯವನ್ನು ಹಲ್ಲಿಗೆ ಒತ್ತಿದರು. ಆಮೇಲೆ ಮೀಟಿದರು. ತ ಕ ಧಿ, ಒಂದು ಬಿಡುವು. ತ ಕ ಧಿ, ಒಂದು ಬಿಡುವು. ಮೂರು ಹೊಡೆದು ಒಂದು ಬಿಟ್ಟು, ಮುಗ್ಗರಿಸಿದಂತೆ ಮಾಡಿ ಮತ್ತೆ ಎದ್ದು, ಏರಿನಲ್ಲಿ ಜಗ್ಗಿದಂತೆ ನಿಧಾನಿಸಿ, ಕೊನೆಗೆ ಇಳಿಜಾರಿನಲ್ಲಿ ಬಿಟ್ಟಂತೆ ಓಡಿಸಿ ತಂದು ತಾಳಕ್ಕೆ ಸರಿಯಾಗಿ ಇಳಿಸಿದರು. ಮೃದಂಗದವರು "ಭೇಷ್!" ಎಂದರು. ಹಾಲು ಚಪ್ಪಾಳೆ ಹೊಡೆಯಿತು.

ಭಾರ್ಗವ ಬಾಯಿ ತೆರೆದು ಕೂತಿದ್ದರು. ಇದು ನಮ್ಮ ಕಾರು! ಗೇಟಿನಿಂದ ರಾಗಿಗುಡ್ಡದ ಏರಿನವರೆಗೆ ಅಣುಅಣುವೂ ನಮ್ಮ ಕಾರು! ಈ ಆಸಾಮಿ ಇದನ್ನು ಒಂದು ಸಲ ಕೇಳಿ ಕಲಿತದ್ದಲ್ಲ, ತಿಂಗಳುಗಟ್ಟಲೆ ಕೇಳಿದ್ದಾನೆ.

ಅಷ್ಟರಲ್ಲಿ ಪಕ್ಕದಿಂದ ಕಟಕಟ ಎಂದು ಸಣ್ಣ ಸದ್ದು ಬಂತು. ಕಾತ್ಯಾಯಿನಿ ಅವರ ತೊಡೆಯ ಮೇಲಿದ್ದ ಶಲ್ಯವನ್ನು ಮುಟ್ಟಿ ನೋಡುತ್ತಿದ್ದಳು. ಶಲ್ಯ ಮಡಿಸಿದ ಹಾಗೇ ಸೆಟೆದು ನಿಂತಿತ್ತು.

"ಇದ್ಯಾಕ್ರೀ ಹಪ್ಪಳ ಆಗಿದೆ?" ಎಂದು ಕಿವಿಯಲ್ಲಿ ಕೇಳಿದಳು.

"ಕಾರಿನ ಮಸಿ."

"ಮಸಿ ಕರೀ ಇರುತ್ತೆ. ಇದು ಗಂಜಿ." ಅವಳು ಬೆರಳಿನಿಂದ ಉಜ್ಜಿ ಮೂಸಿದಳು. "ಚಕ್ರಪಾಣಿ ಜುಬ್ಬಾಕ್ಕೆ ಅಂತ ಮಧ್ಯಾಹ್ನ ಬಾಟ್ಲೀಲಿ ಕಲಸಿಟ್ಟಿದ್ದೆ. ಆಮೇಲೆ ನೋಡಿದ್ರೆ ಅರ್ಧ ಖಾಲಿ. ಮೈಥಿಲಿ ತಗೊಂಡಳೇನೋ ಅಂದ್ಕೊಂಡೆ." ಮಾತು ನಿಲ್ಲಿಸಿ ಗಂಡನ ಮುಖ ನೋಡಿದಳು. ಅಷ್ಟು ವರ್ಷ ಸಂಸಾರ ಮಾಡಿದವಳಿಗೆ ಮಿಕ್ಕದ್ದನ್ನು ಯಾರೂ ಹೇಳಬೇಕಾಗಿರಲಿಲ್ಲ. "ಅಯ್ಯೋ ನಿಮ್ಮ! ಕಾರಿಗೆ ಗಂಜಿ ಹಾಕಿದ್ರಾ?"

ಸಿಟ್ಟಾಗಬೇಕಿದ್ದವಳಿಗೆ ನಗು ಉಕ್ಕಿಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜ ಕುಣಿಯತೊಡಗಿತು. ಹಿಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬರು, ಪಾಪ, ಸಂಗೀತಕ್ಕೆ ಕರಗಿ ಅಳುತ್ತಿದ್ದಾರೆಂದುಕೊಂಡು ಬೆನ್ನು ಸವರಿದರು.

ಮಾರನೆಯ ದಿನ ಭಾನುವಾರ. ಭಾರ್ಗವ ಪೂಜೆ ಮುಗಿಸಿ ನಡೆದೇ ವಾಪಸು ಬಂದು, ಹೇಗೆ ಹೇಳುವುದು, ಎಲ್ಲಿಂದ ಶುರು ಮಾಡುವುದು ಎಂದು ಹಾಲಿನಲ್ಲಿ ಶತಪಥ ಹಾಕುತ್ತಿದ್ದರು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಚಕ್ರಪಾಣಿ. ಸ್ನಾನ ಮುಗಿದಿತ್ತು, ತಲೆ ಬಾಚಿತ್ತು. ಗಂಟೆ ಇನ್ನೂ ಒಂಬತ್ತೂ ಆಗಿರಲಿಲ್ಲ.

"ಬನ್ನಿ ಭಾವ, ನರೇಂದ್ರನ ಹತ್ರ ಹೋಗೋಣ. ಇಬ್ರೂ ಒಟ್ಟಿಗೆ."

ನರೇಂದ್ರ ಬಾನೆಟ್ ಎತ್ತಿದ. ಬಗ್ಗಿ ನೋಡಿದ. ಉಗುರಿನಿಂದ ಕೆರೆದ. ವೈರುಗಳ ಸಂದುಗೊಂದುಗಳಲ್ಲಿ ಬೆಳ್ಳಗೆ ಏನೋ ಹೆಪ್ಪುಗಟ್ಟಿ ಕೂತಿತ್ತು.

"ಇದೇನ್ ಸಾರ್ ಇದು? ಇಷ್ಟ್ ವರ್ಷದಾಗೆ ನಾನ್ ನೋಡೇ ಇಲ್ಲ. ವೈರಿಗೆ ಗಂಜಿ ಯಾರ್ ಹಾಕಿದ್ದು?"

ಭಾರ್ಗವ ಹೇಳಿಬಿಡೋಣವೆಂದು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಪಕ್ಕದಲ್ಲಿದ್ದ ಚಕ್ರಪಾಣಿ ನಿರಾಳವಾಗಿ, "ನಾನೇ ಕಣಪ್ಪ," ಎಂದರು. "ಜುಬ್ಬಾಕ್ಕೆ ಚಿಮುಕಿಸ್ತಾ ಇದ್ದೆ. ಗಾಳಿಗೆ ಹಾರಿರ್ಬೇಕು."

"ಬಾನೆಟ್ ಮುಚ್ಚಿದ್ ಗಾಡಿಯೊಳೀಕೆ?"

"ಧನುರ್ಮಾಸದ ಗಾಳಿ ಅಲ್ವಾ."

ನರೇಂದ್ರ ಒಬ್ಬರ ಮುಖ ನೋಡಿದ, ಇನ್ನೊಬ್ಬರ ಮುಖ ನೋಡಿದ. ಬಾಡಿಗೆದಾರರ ಜಗಳ ನೋಡಿ ನೋಡಿ ಪಳಗಿದವನು, ಹೆಚ್ಚು ಕೆದಕಲಿಲ್ಲ. "ಅಂತೂ ಬದಲಾಯಿಸ್ಲಾ? ಯಾವಾಗ ಬೇಕು?"

"ಈಗ್ಲೇ," ಎಂದರು ಇಬ್ಬರೂ.

ವೈರು ತರಿಸಿ ಹಾಕುವವರೆಗೆ ಎದುರಿನ ದರ್ಶಿನಿಯಲ್ಲಿ ಬೈ-ಟು ಕಾಫಿ ಹೇಳಿ ನಿಂತರು. ಭಾರ್ಗವ ಲೋಟ ಕೈಗೆತ್ತಿಕೊಂಡು ಷಡ್ಡಕನತ್ತ ತಿರುಗಿದರು.

"ನಿಮಗೆ ಯಾರು ಹೇಳಿದ್ದು?"

"ರಾತ್ರಿ ಊಟಕ್ಕೆ ಕೂರೋ ಹೊತ್ತಿಗೆ ಅಕ್ಕನಿಂದ ತಂಗಿಗೆ ಬಂದಾಗಿತ್ತು. ಮೈಥಿಲಿ ಹೇಳಕ್ಕೆ ಶುರು ಮಾಡಿ ನಕ್ಕು ನಕ್ಕು, ಪೂರ್ತಿ ಹೇಳೋ ಹೊತ್ತಿಗೆ ಸಾರು ಆರಿಹೋಗಿತ್ತು." ಚಕ್ರಪಾಣಿಯೂ ನಕ್ಕರು.

"ತಪ್ಪಾಯ್ತು ಚಕ್ರಪಾಣಿ. ನಿಮ್ಮ ಕಛೇರಿ ಅಂತ ಗೊತ್ತಿದ್ರೆ ಖಂಡಿತ ಮಾಡ್ತಿರ್ಲಿಲ್ಲ."

"ಕಛೇರಿ ಇಲ್ದಿದ್ರೆ ಮಾಡ್ತಿದ್ರಿ."

"ಹೂಂ," ಎಂದು ಒಪ್ಪಿಕೊಂಡರು ಭಾರ್ಗವ. ಆಮೇಲೆ ಅವರಿಗೆ ಧೈರ್ಯ ಬಂತು. "ಅದಿರ್ಲಿ, ನೀವು ಯಾವಾಗ್ಲೂ ಅಂದ್ರಲ್ಲ. ಮೂರು ಹೊಡೆದು ಒಂದು ಬಿಡುತ್ತೆ, ಯಾವಾಗ್ಲೂ ಹೀಗೇ ಅಂತ. ನಿಮಗೆ ಮೊದಲಿಂದ ಗೊತ್ತಿತ್ತು. ಅದಕ್ಕೇ ನಾಗಸ್ವರ. ಹೂ ಎತ್ತಿದ ಹಾಗೆ ಅಂತ ಯಾಕೆ ಹೇಳಿದ್ರಿ?"

ಚಕ್ರಪಾಣಿ ಕಾಫಿಯ ನೊರೆಯನ್ನು ಊದಿದರು. "ಸಂಜೆ ಹೊತ್ತು ಸ್ವಲ್ಪ ಇರ್ತಿತ್ತು. ಮಳೆಗಾಲದಿಂದ್ಲೇ. ಆದ್ರೆ ಭಾವ, ವೈಪರ್ ಮೋಟರ್ ಹೋದಾಗ ನೀವು ಹೇಳಿದ್ದು ಜ್ಞಾಪಕ ಇದೆಯಾ? ಇನ್ನೊಂದು ಸಲ ಏನಾದ್ರೂ ಕೆಟ್ರೆ ಇದನ್ನ ಗುಜರಿಗೆ ಹಾಕಿಬಿಡ್ತೀನಿ ಅಂದ್ರಿ. ಅದಕ್ಕೇ, ಆದಷ್ಟು ದಿನ ಹೋಗ್ಲಿ ಅಂತ."

ಭಾರ್ಗವ ನೆನಪು ಮಾಡಿಕೊಳ್ಳಲು ನೋಡಿದರು. ಏನೂ ನೆನಪಾಗಲಿಲ್ಲ. ವೈಪರ್ ಕೆಟ್ಟ ದಿನ ಮಳೆಯಲ್ಲಿ ನೆಂದದ್ದು, ಕೂಗಾಡಿದ್ದು ಮಾತ್ರ ಮಸುಕಾಗಿ ಇತ್ತು.

"ಕೋಪದಲ್ಲಿ ಅಂದಿರ್ತೀನಿ. ಗುಜರಿಗೆ ಹಾಕೋನಾಗಿದ್ರೆ ವೈರಿಗೋಸ್ಕರ ಇಷ್ಟು ಹೊಡೆದಾಡ್ತಿದ್ನಾ?"

"ನಂಗೇನು ಗೊತ್ತು? ನಾನು ಡ್ರೈವಿಂಗ್ ಕಲಿತಿದ್ದೇ ಅದರಲ್ಲಿ. ಮದುವೆಯಾದ ಹೊಸದು. ಮಾವನೋರು ಪಕ್ಕದಲ್ಲಿ ಕೂತು, ನಾನು ಗೇರ್ ತಪ್ಪಿಸಿದಾಗೆಲ್ಲ ವಿಷ್ಣುಸಹಸ್ರನಾಮ ಹೇಳ್ತಿದ್ರು. ಬೇರೆ ಗಾಡೀಲಿ ನಂಗೆ ಕೈಕಾಲೇ ಆಡಲ್ಲ."

"ನಾನು ಕೋಪದಲ್ಲಿ ಅನ್ನೋದನ್ನೆಲ್ಲ ಮನಸ್ಸಿಗೆ ಹಾಕ್ಕೊಂಡಿದ್ರೆ ಕಾತ್ಯಾಯಿನಿ ಯಾವತ್ತೋ ತವರಿಗೆ ಹೋಗಿರ್ಬೇಕಿತ್ತು."

"ಇರೋದೇ ತವರಲ್ಲಲ್ಲ ಭಾವ ಅವರು."

ಭಾರ್ಗವರಿಗೆ ಕಾಫಿ ನೆತ್ತಿಗೇರಿತು. ಚಕ್ರಪಾಣಿ ಬೆನ್ನಿಗೆ ಗುದ್ದಿದರು. ಕೆಮ್ಮು ನಗು ಎರಡೂ ಕೂಡಿ ಅವರ ಕಣ್ಣಲ್ಲಿ ನೀರು ಬಂತು.

ನರೇಂದ್ರ ಹೊಸ ವೈರು ಹಾಕಿ ಮುಗಿಸುವಾಗ ಬಿಸಿಲೇರಿತ್ತು. ಚಕ್ರಪಾಣಿ ಕೀಲಿಯನ್ನು ಭಾರ್ಗವರತ್ತ ಚಾಚಿದರು. ಭಾರ್ಗವ ಅವರತ್ತಲೇ ತಳ್ಳಿದರು. ಹೀಗೆ ಒಂದೆರಡು ಸಲ ಉಪಚಾರ ನಡೆದ ಮೇಲೆ ಚಕ್ರಪಾಣಿಯೇ ಹತ್ತಿದರು. ಸಂಗೀತ ಹಾಕಲಿಲ್ಲ. ಇಬ್ಬರೂ ಎಂಜಿನ್ನಿಗೆ ಕಿವಿಗೊಟ್ಟು ಕೂತರು. ಒಂದೇ ಸಮನೆ, ನಾಲ್ಕಕ್ಕೆ ನಾಲ್ಕೂ, ಎಲ್ಲೂ ತಪ್ಪದೆ ಹೊಡೆಯುತ್ತಿತ್ತು.

"ಚೆನ್ನಾಗಿದೆ," ಎಂದರು ಚಕ್ರಪಾಣಿ ಸ್ವಲ್ಪ ದೂರ ಹೋದ ಮೇಲೆ. "ಆದ್ರೆ ಸ್ವಲ್ಪ ಸಪ್ಪೆ."

"ತಾಳಕ್ಕೆ ಬೇಕಾದ್ರೆ ಮಿಕ್ಸಿ ಕೆಡಿಸಿ ಕೊಡ್ತೀನಿ. ಸುಮ್ನೆ ಓಡಿಸಿ."

ಮನೆಯ ಕಡೆಯ ತಿರುವು ಬಂತು. ಚಕ್ರಪಾಣಿ ತಿರುಗಿಸಲಿಲ್ಲ. ಭಾರ್ಗವ ಕೇಳಲೂ ಇಲ್ಲ. ಕಾರು ಪುಟ್ಟೇನಹಳ್ಳಿ ಕೆರೆಯ ಕಡೆ ಹೊರಟಿತು. ಕೆರೆಯ ಬೇಲಿಯ ಪಕ್ಕ ನಿಲ್ಲಿಸಿ, ಎಂಜಿನ್ ಆರಿಸದೆ, ಜೊಂಡಿನಲ್ಲಿ ಓಡಾಡುವ ನೀಲಿ ಕೋಳಿಗಳನ್ನು ನೋಡಿದರು. ಇಪ್ಪತ್ತು ವರ್ಷ ಒಂದೇ ಸೂರಿನಡಿ ಇದ್ದರೂ, ಹೀಗೆ ಇಬ್ಬರೇ ಕಾರಿನಲ್ಲಿ ಕೆಲಸವಿಲ್ಲದೆ ಎಲ್ಲಿಗೋ ಹೋದದ್ದು ಇದೇ ಮೊದಲು ಎಂದು ಭಾರ್ಗವರಿಗೆ ಹೊಳೆಯಿತು. ಹೇಳಲಿಲ್ಲ, ಹೇಳಿದರೆ ಈ ಮನುಷ್ಯ ಅದಕ್ಕೂ ಒಂದು ತಾಳ ಹಾಕುತ್ತಾನೆ.

ಫೋನು ಬಡಿದುಕೊಂಡಿತು. ಕಾತ್ಯಾಯಿನಿ.

"ಎಲ್ಲಿದ್ದೀರಿ? ವೈರ್ ಹಾಕಕ್ಕೆ ಇಷ್ಟು ಹೊತ್ತಾ?"

"ಟ್ರಯಲ್ ನೋಡ್ತಾ ಇದ್ದೀವಿ," ಎಂದರು ಭಾರ್ಗವ.

"ಇಬ್ರೂನಾ?"

"ಇಬ್ರೂ."

ಆ ಕಡೆ ಅಕ್ಕತಂಗಿಯರು ಏನೋ ಪಿಸುಗುಟ್ಟಿಕೊಂಡದ್ದು, ಕಿಸಕ್ಕೆಂದದ್ದು ಕೇಳಿಸಿತು. "ಆಯ್ತು, ನೋಡಿ. ಹುಳಿಗೆ ಒಗ್ಗರಣೆ ಇನ್ನೂ ಹಾಕಿಲ್ಲ. ಬರೋವಾಗ ಎರಡು ಕಟ್ಟು ಕೊತ್ತಂಬರಿ ತನ್ನಿ. ಮೇಲಕ್ಕೊಂದು, ಕೆಳಕ್ಕೊಂದು."